ಹುಳುಮನೆಗೆ ಬಂದ ಹೀಟ್ ಪಂಪ್

ಅವತ್ತು ಪುಷ್ಯ ಮಾಸದ ಬೆಳಗು. ಶಿಡ್ಲಘಟ್ಟದ ಕಡೆಯ ಹಳ್ಳಿಯೊಂದರಲ್ಲಿ ಗಂಗುಲಮ್ಮ ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕುತ್ತಿದ್ದಳು. ಗೋಡೆಯಾಚೆ ಕೂತು ಆ ಹುಳುಮನೆಯನ್ನು ಬೆಚ್ಚಗಿಡುತ್ತಿದ್ದವನು ನಾನು, ಒಂದು ಹೀಟ್ ಪಂಪ್.

ನಾನು ಹುಟ್ಟಿದ್ದು ಎಲೆಕ್ಟ್ರಿಕ್ ಕಾರಿಗಾಗಿ. ತಂತಿ ಕಾಯಿಸುವ ಹೀಟರು ಬ್ಯಾಟರಿಯನ್ನು ಹೀರಿಬಿಡುತ್ತದೆ, ಅಷ್ಟರಮಟ್ಟಿಗೆ ಕಾರು ಕಡಿಮೆ ದೂರ ಓಡುತ್ತದೆ. ನಾನು ಬಿಸಿಯನ್ನು ಹುಟ್ಟಿಸುವುದಿಲ್ಲ. ಚಳಿಗಾಳಿಯಲ್ಲೂ ಅಡಗಿರುವ ಬಿಸಿಯನ್ನು ಕಿತ್ತು ಒಳಗೆ ತಳ್ಳುತ್ತೇನೆ. ಅದಕ್ಕೆ ಆ ಹೀಟರು ತಿನ್ನುವುದರ ಮೂರರಲ್ಲೊಂದು ಪಾಲು ಕರೆಂಟು ಸಾಕು. ಎರಡು ಚಳಿಗಾಲ ಹಾಗೆ ದುಡಿದೆ. ಮೂರನೆಯದರಲ್ಲಿ, ಹೆದ್ದಾರಿಯ ಮಂಜಿನಲ್ಲಿ, ಲಾರಿಯೊಂದು ಹಿಂದಿನಿಂದ ಬಂದು ಕಾರನ್ನು ಅರ್ಧಕ್ಕೆ ಮಡಚಿತು. ಹಿಂದಿನ ಸೀಟಿನಲ್ಲಿದ್ದ ಯಜಮಾನ ಅಲ್ಲೇ ಸತ್ತ. ಮುಂದಿದ್ದ ನಾನು ಉಳಿದೆ. ಗುಜರಿಯಲ್ಲಿ ಸುತ್ತಿಗೆ ಏಟು ತಿಂದು ಬಿದ್ದಿದ್ದವನನ್ನು ಫ್ರಿಜ್ ರಿಪೇರಿಯ ಅಜ್ಮತ್ ಕಿತ್ತು ತಂದು, ಪೈಪು ಬೆಸೆದು, ಮನೆ ಕರೆಂಟಿಗೆ ಒಗ್ಗಿಸಿ ಇಲ್ಲಿ ಕೂರಿಸಿದ.

ಗಂಗುಲಮ್ಮ ನನ್ನನ್ನು ಸುಮ್ಮನೆ ತರಿಸಿರಲಿಲ್ಲ. ಹಿಂದಿನ ವರ್ಷ ಇದೇ ಚಳಿಗೆ ಮೈದುನ ಪಿಳ್ಳಪ್ಪ ಹುಳುಮನೆಯೊಳಗೆ ಇದ್ದಿಲ ಒಲೆ ಹಚ್ಚಿಟ್ಟು, ಬಾಗಿಲು ಭದ್ರ ಮಾಡಿ ಹೋಗಿದ್ದ. ಒಳಗೆ ಮಲಗಿದ್ದ ಅವಳ ಗಂಡ ಇದ್ದಿಲು ಕಾರಿದ ವಿಷಗಾಳಿಗೆ ಮತ್ತೆ ಏಳಲಿಲ್ಲ.

ಈ ಸಲ ಹುಳುಗಳು ಕೊನೆಯ ಪೊರೆ ಬಿಟ್ಟು ಮೂರು ದಿನವಾಗಿತ್ತು. ಇನ್ನು ನಾಲ್ಕು ದಿನ ಬೆಚ್ಚಗಿದ್ದರೆ ಗೂಡು, ಚಳಿ ಹೊಕ್ಕರೆ ತಿಪ್ಪೆ.

ಗೋಡೆ ಸುತ್ತಿ ಬಂದ ಪಿಳ್ಳಪ್ಪ ನನ್ನ ಹೊರಮೈ ಮೇಲೆ ಬಿಳಿ ಮಂಜುಗಡ್ಡೆ ಕಂಡ. ಗಾಳಿಯ ಬಿಸಿ ಕಿತ್ತಾಗ ನನಗೆ ಮಂಜು ಕಟ್ಟುವುದುಂಟು. ಅದು ಅವನಿಗೇನು ಗೊತ್ತು?

“ಅತ್ತಿಗೇ! ಅಜ್ಮತ್ತು ನಿಂಗೆ ಐಸ್‌ಕ್ಯಾಂಡಿ ಮಿಷನ್ ಕಟ್ಟವ್ನೆ! ಹುಳ ಎಲ್ಲಾ ಸಾಯ್ತವೆ!”

“ಮುಟ್ಬ್ಯಾಡ ಅದನ್ನ! ಒಳಗ್ ಬಂದು ಗಾಳಿಗೆ ಕೈಯಿಟ್ಟು ನೋಡು!”

ಅವಳು ಹೊರಗೆ ಓಡಿ ಬರುವಷ್ಟರಲ್ಲಿ ಅವನ ಹಾರೆ ನನ್ನ ಮೇಲೆ ಬಿದ್ದಾಗಿತ್ತು. ಮೊದಲ ಏಟಿಗೆ ಫ್ಯಾನು ಹೋಯಿತು, ಎರಡನೆಯದಕ್ಕೆ ಪೈಪು ಸೀಳಿತು. ಮಂಜಿಗಿಂತ ತಣ್ಣನೆಯ ಗ್ಯಾಸು ಬುಸ್ಸೆಂದು ಅವನ ಅಂಗೈಗೆ ನುಗ್ಗಿ ಚರ್ಮ ಬೆಳ್ಳಗೆ ಸತ್ತುಹೋಯಿತು. ನಾನು ನಿಂತೆ. ಒಳಗೆ ಚಳಿ ಇಳಿಯತೊಡಗಿತು, ಹುಳುಗಳು ಸೊಪ್ಪು ತಿನ್ನುವುದನ್ನು ಬಿಟ್ಟವು.

“ಒಲೆ ತತ್ತೀನಿ, ಹೆದರ್ಬ್ಯಾಡ,” ಎಂದು ಅವನು ಕೆಂಡದ ಒಲೆಯನ್ನೇ ಎತ್ತಿ ತಂದ.

ಗಂಗುಲಮ್ಮ ಸೊಪ್ಪಿನ ಮಚ್ಚು ಹಿಡಿದು ಬಾಗಿಲಿಗೆ ಅಡ್ಡ ನಿಂತಳು. “ಒಬ್ಬನ್ನ ತಿಂದಿದ್ದು ಸಾಲ್ದಾ? ಕಾಲಿಟ್ರೆ ಕಡಿದಾಕ್ತೀನಿ!”

ಅವನು ನುಗ್ಗಿದ. ಅವಳು ಬೀಸಿಯೇಬಿಟ್ಟಳು. ಅವನ ಮೊಣಕೈ ಸೀಳಿತು, ಕೆಂಡ ಅಂಗಳಕ್ಕೆಲ್ಲ ಚೆಲ್ಲಿತು. ಪಿಳ್ಳಪ್ಪ ರಕ್ತ ಹಿಡಿದುಕೊಂಡು ನನ್ನ ಪಕ್ಕ ಕುಸಿದ.

“ಬೆಂಕಿ ಹೊರಗೇ ಇರ್ಲಿ,” ಎಂದಳು ಏದುಸಿರಲ್ಲಿ. “ನೀರು ಕಾಯ್ಸು. ಬಾಯಿ ಮುಚ್ಚಿದ ಬಿಂದಿಗೇಲಿ ತಂದ್ಕೊಡು, ಒಳಗಿಟ್ಟು ಹುಳ ಬೆಚ್ಚಗಿಡ್ತೀನಿ.”

ಬಟ್ಟೆ ಸುತ್ತಿದ ಕೈಯಲ್ಲೇ ನಾಲ್ಕು ದಿನ ಅವನು ಬಿಸಿನೀರಿನ ಬಿಂದಿಗೆಗಳನ್ನು ಹೆಗಲಿಗೇರಿಸಿ ಹೊತ್ತ. ಹೊಸ್ತಿಲವರೆಗೆ ಅವನು, ಅಲ್ಲಿಂದ ಒಳಗೆ ಅವಳು. ಮುಕ್ಕಾಲು ಪಾಲು ಹುಳು ಗೂಡು ಕಟ್ಟಿದವು.

ಈಗ ನನ್ನ ಮೇಲೆ ಕೋಳಿ ಕೂರುತ್ತವೆ. ನನ್ನಿಂದ ಕಿತ್ತ ಬಿಸಿಯನ್ನು ಅವನು ಹೆಗಲ ಮೇಲೆ ಹೊತ್ತು ತೀರಿಸಿದ. ನನಗೆ ಅವನ ಮೇಲೆ ಸಿಟ್ಟಿಲ್ಲ.

ಗೂಡು ಬಿಡಿಸಿದ ದಿನ ಅವನು ಕೇಳಿದ, “ಅತ್ತಿಗೆ, ಹುಳ ಉಳಿಸ್ಕೊಟ್ನಲ್ಲಾ?”

“ಹೂಂ, ಹುಳಾನೇನೋ ಉಳಿಸ್ದೆ,” ಎಂದ ಗಂಗುಲಮ್ಮ ಅವನ ಮುದ್ದೆಯ ತಟ್ಟೆಯನ್ನು ಹೊಸ್ತಿಲಿನ ಆಚೆಗೇ ಇಟ್ಟಳು.