ಎದುರು ಪಾರ್ಟಿಯ ಸಾಕ್ಷಿ

ಲಿಂಗಸುಗೂರಿನ ಪಶುವೈದ್ಯ ಗುರುಬಸವ ಡಾಕ್ಟರು ಆ ಹಾಳೆಯನ್ನು ಮೊದಲು ಹೀಗೆ ಹಿಡಿದರು, ಆಮೇಲೆ ಹಾಗೆ ಹಿಡಿದರು.

"ಯಾವ್ದು ಮ್ಯಾಲವ್ವಾ, ಯಾವ್ದು ಕೆಳಗ?"

"ಕೆಂಪು ಸಿಕ್ಕಾ ಐತಲ್ರಿ ಸರ್, ಅದು ಕೆಳಗ," ಅಂದಳು ಸಂಘಮಿತ್ರಾ.

ಡಾಕ್ಟರು ಮೂಲವನ್ನೂ ಝೆರಾಕ್ಸನ್ನೂ ಅಕ್ಕಪಕ್ಕ ಇಟ್ಟುಕೊಂಡು, ಎಮ್ಮೆಯ ಕಿವಿಯ ಬಿಲ್ಲೆ ನಂಬರು ತಾಳೆ ನೋಡುವವರಂತೆ ಒಂದೊಂದೇ ಚೀನೀ ಅಕ್ಷರಕ್ಕೆ ಪೆನ್ನಿನ ತುದಿ ಇಟ್ಟು ನೋಡಿದರು. ಹೊರಗೆ ಎರಡು ಎಮ್ಮೆ, ಒಂದು ಹೋತ ಕಾಯುತ್ತಿದ್ದವು. ಕಾಲು ತಾಸು ಕಳೆದ ಮೇಲೆ ಝೆರಾಕ್ಸಿನ ಮೇಲೆ ಗೆಜೆಟೆಡ್ ಅಧಿಕಾರಿಯ ಠಸ್ಸೆ ಒತ್ತಿ ಸಹಿ ಮಾಡಿದರು.

"ಏನ್ ಬರದಾರ ನನಗ ಗೊತ್ತಿಲ್ಲ. ಅದರಾಗ ಇದ್ದದ್ದು ಇದರಾಗ ಐತಿ. ಅಷ್ಟಕ್ಕ ನನ್ನ ಸಹಿ, ಹ್ಞಾಂ?"

ಹೊರಗೆ ಬಂದಾಗ ಅಪ್ಪ ವೀರೇಶ ನಕ್ಕ. ಕರೆಂಟಿನ ಆಫೀಸಿನಲ್ಲಿ ಇಪ್ಪತ್ತಾರು ವರ್ಷ ಗುಮಾಸ್ತನಾಗಿ ಠಸ್ಸೆ-ಸಿಕ್ಕಾಗಳ ನಡುವೆಯೇ ಬಾಳಿದವನು. "ನಮ್ಮ ಮಸ್ಕಿ ಅಶೋಕನ ಕಲ್ಲು ಪುಣ್ಯ ಮಾಡಿತ್ತು ಬಿಡವ್ವಾ. ಈಗ ಬರಸಿದ್ರ ಅದಕ್ಕೂ ಗೆಜೆಟೆಡ್ ಸಹಿ ತರ್ರಿ ಅಂತಿದ್ರು."

ಸಂಘಮಿತ್ರಾ ನಗಲಿಲ್ಲ. ಆ ಕೆಂಪು ಸಿಕ್ಕಾದ ಕಡೆ ಕಣ್ಣು ಹಾಯಿಸುವುದು ಅವಳಿಗೆ ಬೇಕಿರಲಿಲ್ಲ.

ಸಂಗತಿ ಏನೆಂದರೆ, ಸಿಂಧನೂರಿನ ರೈಸ್ ಮಿಲ್ಲುಗಳಲ್ಲಿ ಅಕ್ಕಿಯ ಕರಿಕಾಳು ಆರಿಸುವ ಮೆಷಿನ್ನುಗಳು ಬಹಳಷ್ಟು ಚೀನಾದವು. ಕೆಟ್ಟರೆ ಪರದೆಯ ಮೇಲೆ ಬರುವುದೆಲ್ಲ ಆ ಭಾಷೆಯೇ. ಹಾಗಾಗಿ ಅಲ್ಲಿನ ಒಂದು ಖಾಸಗಿ ಕಾಲೇಜು ಮಿಲ್ಲಿನ ಹುಡುಗರಿಗೆ ಆರು ತಿಂಗಳ ಚೀನೀ ಕೋರ್ಸು ತೆರೆಯಲು ಹೊರಟಿತ್ತು. ಹೈದರಾಬಾದಿನಲ್ಲಿ ಐದು ವರ್ಷ ಅದೇ ಭಾಷೆ ಓದಿ, ಮಸ್ಕಿಗೆ ಬಂದು ಎರಡು ವರ್ಷದಿಂದ ಏಳನೇ ತರಗತಿಯವರಿಗೆ ಗಣಿತದ ಟ್ಯೂಶನ್ ಹೇಳುತ್ತಿದ್ದ ಸಂಘಮಿತ್ರಾಳಿಗೆ, ಈ ಜಾಹೀರಾತು ತನ್ನ ಹೆಸರು ಹಿಡಿದು ಕರೆದಂತೆ ಕಂಡಿತ್ತು. ಮೂರು ತಾಲೂಕು ಜಾಲಾಡಿದರೂ ಇಂಥ ಕೆಲಸ ಇನ್ನೊಂದು ಹುಟ್ಟುವುದಿಲ್ಲ. ಆದರೆ ಕೊನೆಯ ಸಾಲಿನಲ್ಲಿ ಒಂದು ಮುಳ್ಳು: 'ವಿದೇಶಿಯರಿಗೆ ಚೀನೀ ಭಾಷೆ ಕಲಿಸುವ ಅಂತರರಾಷ್ಟ್ರೀಯ ಪ್ರಮಾಣಪತ್ರ ಕಡ್ಡಾಯ.'

ಅವಳ ಬಳಿ ಎಂ.ಎ. ಇತ್ತು, ಅದು ಇರಲಿಲ್ಲ. ಅರ್ಜಿಗೆ ಇಪ್ಪತ್ತು ದಿನ ಉಳಿದಿತ್ತು. ಆನ್‌ಲೈನ್‌ನಲ್ಲಿ ಉದ್ದ ಹೆಸರಿನ ಒಂದು ಸಂಘ ಸಿಕ್ಕಿತು. ನಲವತ್ತು ಪ್ರಶ್ನೆ, ಸರಿ ಉತ್ತರಕ್ಕೆ ಟಿಕ್ಕು. ಹನ್ನೊಂದನೇ ದಿನಕ್ಕೆ ಕೊರಿಯರಿನಲ್ಲಿ ಪ್ರಮಾಣಪತ್ರ. ಬಂದ ದಿನವೇ ಅವರ ಸೈಟಿನಲ್ಲಿ ಪ್ರಮಾಣಪತ್ರದ ನಂಬರು ಹಾಕಿ ನೋಡಿದಳು, ಹಸಿರು ಟಿಕ್ಕು ಬಂತು. ಏನೋ ಅನುಮಾನವಾಗಿ ಅಪ್ಪನ ಮೊಬೈಲ್ ನಂಬರು ಹಾಕಿದಳು. ಅದಕ್ಕೂ ಹಸಿರು ಟಿಕ್ಕು. ಸಿಕ್ಕಾದ ನಕ್ಷತ್ರದ ಸುತ್ತಿನ ಸಣ್ಣ ಅಕ್ಷರ ಓದಿದರೆ ವಿಶ್ವವಿದ್ಯಾಲಯವೂ ಅಲ್ಲ, ಸರ್ಕಾರವೂ ಅಲ್ಲ, ಯಾವುದೋ ಸಲಹಾ ಕಂಪನಿ. ಹಾಳೆಯನ್ನು ಫೈಲಿನೊಳಗೆ ತುರುಕಿ, ಹೋಗಲಿ, ನನಗೆ ಭಾಷೆ ಬರುವುದಂತೂ ಸುಳ್ಳಲ್ಲವಲ್ಲ ಅಂದುಕೊಂಡಿದ್ದಳು.

ಸಂದರ್ಶನದ ದಿನ ಕಾಲೇಜಿನ ಬೆಂಚಿನ ಮೇಲೆ ಇನ್ನೊಬ್ಬ ಅಭ್ಯರ್ಥಿ ಕೂತಿದ್ದ. ಮುದಗಲ್ಲಿನ ಮುಕ್ತಿಯಾರ್. ಮುಕ್ಕುಂದದಿಂದ ಸಿಂಧನೂರಿನವರೆಗೆ ಅಕ್ಕಿ ಆರಿಸುವ ಮೆಷಿನ್ನು ರಿಪೇರಿ ಮಾಡುವವನು. ಕಂಪನಿಯ ಇಂಜಿನಿಯರರ ಜೊತೆ ವಿಡಿಯೋ ಕಾಲಿನಲ್ಲಿ ಮಾತಾಡಿ ಮಾತಾಡಿಯೇ ಚೀನೀ ಕಲಿತಿದ್ದ. ಪ್ರಮಾಣಪತ್ರವನ್ನು ಕಟ್ಟು ಹಾಕಿಸಿ, ಗಾಜಿನ ಸಮೇತ ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದ.

ಒಳಗೆ ಪ್ರಿನ್ಸಿಪಾಲ್ ಗಂಗಾಧರ, ಪಕ್ಕದಲ್ಲಿ ಕಾಲೇಜಿನ ಕಾರ್ಯದರ್ಶಿ ಸಂಗನಬಸವ. ಎರಡು ಮಿಲ್ಲುಗಳ ಧಣಿ, ಬಾಯಲ್ಲಿ ಸದಾ ಅಡಿಕೆ. ಇಬ್ಬರನ್ನೂ ಒಟ್ಟಿಗೇ ಕರೆದರು.

"ನೋಡವ್ವಾ," ಅಂದರು ಪ್ರಿನ್ಸಿಪಾಲರು, "ನಮಗ ಈ ಭಾಷೆ ಒಂದಕ್ಷರ ತಿಳಿಯಂಗಿಲ್ಲ. ನೀವು ಎಂ.ಎ. ಮಾಡೀರಿ. ಇವನ ಸರ್ಟಿಫಿಕೇಟ್ ಖರೇನೋ ಖೊಟ್ಟಿನೋ, ನೀವ ಓದಿ ಹೇಳ್ರಿ."

ಗಾಜಿನ ಕೆಳಗೆ ಅದೇ ಸುತ್ತು, ಅದೇ ನಕ್ಷತ್ರ, ಅದೇ ಸಲಹಾ ಕಂಪನಿ.

ಖರೇ ಅಂದರೆ ಇಬ್ಬರದೂ ನಡೆಯುತ್ತದೆ, ಎಂ.ಎ. ಇರುವುದರಿಂದ ಕೆಲಸ ತನಗೇ. ಖೊಟ್ಟಿ ಅಂದರೆ ಎರಡು ವರ್ಷದಿಂದ ಕಾದ ಕೆಲಸದ ಕುತ್ತಿಗೆ ತಾನೇ ಹಿಸುಕಿದಂತೆ. ಮುಕ್ತಿಯಾರ್ ಅವಳ ಮುಖವನ್ನೇ ನೋಡುತ್ತಿದ್ದ, ರಿಸಲ್ಟಿಗೆ ಕಾದ ಹುಡುಗನಂತೆ.

"ಖೊಟ್ಟಿ ಐತ್ರಿ," ಅಂದಳು. "ನಂದೂ ಅದೇ ಸಿಕ್ಕಾನ. ನಂದೂ ಖೊಟ್ಟಿನ."

ಪ್ರಿನ್ಸಿಪಾಲರು ಮೊಬೈಲ್ ತೆಗೆದು ಆ ಸಂಘದ ಸೈಟಿನಲ್ಲಿ ಮುಕ್ತಿಯಾರನ ಪ್ರಮಾಣಪತ್ರದ ನಂಬರು ಹಾಕಿದರು. "ಇಲ್ಲಿ ಹಸಿರು ಬಂತಲ್ಲವ್ವಾ?"

"ನಿಮ್ಮ ಸ್ಕೂಟರ್ ನಂಬರ್ ಹಾಕ್ರಿ ಸರ್."

ಹಾಕಿದರು. ಹಸಿರು ಬಂತು.

"ಹಂಗಾರ ನಿನ್ನ ಸ್ಕೂಟರೂ ಚೀನೀ ಕಲಸ್ತೈತಿ ಬಿಡು ಗಂಗಾಧರಾ," ಎಂದು ಸಂಗನಬಸವ ಹೊಟ್ಟೆ ಕುಣಿಸಿ ನಕ್ಕರು. ನಕ್ಕು ಮುಗಿದ ಮೇಲೆ ಅಡಿಕೆಯನ್ನು ಇನ್ನೊಂದು ದವಡೆಗೆ ದಾಟಿಸಿ ತೀರ್ಪು ಕೊಟ್ಟರು. "ನೋಡು ತಂಗಿ, ನಾ ಹದಿನೈದು ವರ್ಷ ಊರಾಗ ನ್ಯಾಯ ಬಗೆಹರಿಸೀನಿ. ತನ್ನ ತಪ್ಪು ತಾನ ಒಪ್ಪಿಕೊಂಡ್ರ ಮತ್ತ ಸಾಕ್ಷಿ ಬೇಕಾಗಿಲ್ಲ. ನಿಂದು ಖೊಟ್ಟಿ ಅಂತ ನೀನ ಹೇಳೀದಿ, ಬರಕೋ ಗಂಗಾಧರ. ಇವಂದು ಖೊಟ್ಟಿ ಅಂತ ಹೇಳಾಕಿ ಯಾರು? ಎದುರು ಪಾರ್ಟಿ. ಎದುರು ಪಾರ್ಟಿ ಸಾಕ್ಷಿ ನಡಿಯಂಗಿಲ್ಲ."

"ಸಿಕ್ಕಾ ಒಂದೇ ಐತ್ರೀ ಯಜಮಾನ್ರ! ಒಂದು ಖೊಟ್ಟಿ, ಒಂದು ಖರೇ ಹೆಂಗಾಗ್ತೈತ್ರಿ?"

"ಒಂದ ತಾಯಿ ಹೊಟ್ಟ್ಯಾಗ ಕಳ್ಳನೂ ಹುಟ್ತಾನ, ಸಾಧುನೂ ಹುಟ್ತಾನ."

"ನನ್ನ ಎಂ.ಎ. ನೋಡ್ರಿ. ಅದಕ್ಕ ಫೋನ್ ಹಚ್ಚಿ ಕೇಳ್ರಿ."

"ಅದು ನೀ ಕಲ್ತದ್ದಕ್ಕ. ನಮಗ ಕಲಸೂದಕ್ಕ ಬೇಕು."

"ಹಂಗಾರ ಒಂದು ತಾಸು ಇಬ್ಬರ ಕಡಿಂದನೂ ಪಾಠ ಮಾಡಿಸ್ರಿ!"

"ಮಾಡಸ್ತೀವಿ. ನೀವು ಹೇಳಿದ್ದು ಸರಿ ಐತೋ ಇಲ್ಲೋ, ಯಾರ್ ಹೇಳಬೇಕು? ಇವನ? ಇವನೂ ನಿನಗ ಎದುರು ಪಾರ್ಟಿನ."

ಗೋಡೆಗೆ ಹಣೆ ಜಜ್ಜಿಕೊಳ್ಳಬೇಕು ಅನ್ನಿಸಿತು. ಜಜ್ಜಿಕೊಂಡರೆ ಆ ಗಾಯಕ್ಕೂ ಇವರು ದೃಢೀಕರಣ ಕೇಳಿಯಾರು. ಫೈಲು ಎತ್ತಿಕೊಂಡು ಹೊರಬಿದ್ದಳು.

ಬಸ್ ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಹಿಂದೆ ಚಪ್ಪಲಿಯ ಸಪ್ಪಳ. ಮುಕ್ತಿಯಾರ್ ಕಟ್ಟು ಹಿಡಿದುಕೊಂಡು ಓಡಿ ಬಂದ.

"ಅಕ್ಕಾರ, ನಿಲ್ರಿ. ಖರೇ ಹೇಳ್ರಿ. ನೌಕರಿ ಸಲುವಾಗಿ ಖೊಟ್ಟಿ ಅಂದ್ರೋ, ಖರೇನ ಖೊಟ್ಟಿ ಐತೋ?"

"ನೀವ ಓದ್ರಲ್ಲ!"

ಅವನು ತಲೆ ಕೆಳಗೆ ಹಾಕಿದ. "ನನಗ ಓದಾಕ ಬರಂಗಿಲ್ರಿ. ಮಾತು ಅಷ್ಟ."

ಸಿಟ್ಟಿನಲ್ಲೇ ಅವಳು ಚೀನಿಯಲ್ಲಿ ಒಂದು ಪ್ರಶ್ನೆ ಎಸೆದಳು. ಏನು ಬರುತ್ತದೆ ನಿನಗೆ, ಹೇಳು. ಅವನು ಶುರು ಮಾಡಿದ. ಗಾಳಿ ಊದಿ ಕರಿಕಾಳನ್ನು ಚಿಮ್ಮಿಸುವ ಸಣ್ಣ ಮೂತಿ ಕಟ್ಟಿಕೊಂಡರೆ ಹೇಗೆ ಬಿಚ್ಚಬೇಕು, ಮೆಷಿನ್ನಿನ ಗಾಜನ್ನು ಎಷ್ಟು ತಾಸಿಗೊಮ್ಮೆ ಒರೆಸಬೇಕು. ಮಿಲ್ಲಿನ ಗದ್ದಲದಲ್ಲಿ ಕಲಿತ ಒರಟು ಮಾತು, ಆದರೆ ಸರಿಯಾದ ಮಾತು. ಆ ಮೂತಿಗೆ ಏನನ್ನುತ್ತಾರೆಂದು ಐದು ವರ್ಷ ಓದಿದವಳಿಗೇ ಗೊತ್ತಿರಲಿಲ್ಲ. ಜೋಳದ ರೊಟ್ಟಿ ಮಾರುವ ಹೆಂಗಸು ಇಬ್ಬರನ್ನೂ ಬಾಯಿ ತೆರೆದು ನೋಡುತ್ತಿದ್ದಳು.

ಆಮೇಲೆ ಸಂಘಮಿತ್ರಾ ಗಾಜಿನ ಮೇಲೆ ಬೆರಳಿಟ್ಟು ಸಿಕ್ಕಾವನ್ನು ಅಕ್ಷರ ಅಕ್ಷರವಾಗಿ ಓದಿ ಹೇಳಿದಳು. ಅವನು ಕಟ್ಟಿನ ಗಾಜನ್ನು ಅಂಗಿಯ ತುದಿಯಿಂದ ಒರೆಸಿದ.

"ನಮ್ಮವ್ವ ಇಮಾಮ್‌ಬೀ ಇದಕ್ಕ ಊದಬತ್ತಿ ಹಚ್ಯಾಳ್ರಿ," ಅಂದ. ಆಮೇಲೆ, "ತನ್ನ ತಪ್ಪು ತಾನ ಒಪ್ಪಿಕೊಂಡ್ರ ಮತ್ತ ಸಾಕ್ಷಿ ಬೇಕಾಗಿಲ್ಲ ಅಂದ್ರಲ್ಲ ಯಜಮಾನ್ರು? ನಾನೂ ಒಪ್ಪಿಕೊಂಡ ಬರ್ತೀನಿ, ಇಲ್ಲೇ ಇರ್ರಿ."

ಅವನು ತಿರುಗಿ ಕಾಲೇಜಿಗೆ ಹೋದ. ಸಂಘಮಿತ್ರಾ ಮಸ್ಕಿಯ ಎರಡು ಬಸ್ಸು ಬಿಟ್ಟಳು. ಇಬ್ಬರೂ ಒಪ್ಪಿಕೊಂಡರೆ ಆ ಹಾಳೆಗಳು ಬದಿಗೆ ಸರಿದಾವು, ಆಗಲಾದರೂ ಎಂ.ಎ. ನೋಡಿಯಾರು ಅಂತ ಹಾಳು ಆಸೆ.

ಮುಕ್ತಿಯಾರ್ ಬಂದಾಗ ಕಂಕುಳಲ್ಲಿ ಕಟ್ಟು ಇರಲಿಲ್ಲ, ಮುಖದಲ್ಲಿ ಕಳೆಯೂ ಇರಲಿಲ್ಲ.

"ಪೋಸ್ಟ್ ಕ್ಯಾನ್ಸಲ್ ಅಂತ್ರಿ. ಇಬ್ಬರೂ ಒಪ್ಪಿಕೊಂಡೀರಿ, ಇಬ್ಬರೂ ಅನರ್ಹ. ಹೊಸಾ ಜಾಹೀರಾತು ಕೊಡ್ತಾರಂತ. ಈ ಸಲ ಚೀನೀ ಬಲ್ಲ ಗೆಜೆಟೆಡ್ ಆಫೀಸರ್ ಕಡಿಂದ ಸಹಿ ಮಾಡಿಸ್ಕೊಂಡು ಬರಬೇಕಂತ. ಕಟ್ಟು ಹಾಕಿಸಿದ ಸರ್ಟಿಫಿಕೇಟೂ ಅವರ ಇಟಗೊಂಡ್ರು, ಪುರಾವೆ ಅಂತ."

ಇಬ್ಬರೂ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತರು. ಅಷ್ಟರಲ್ಲಿ ಅಪ್ಪನ ಫೋನು. ಅವಳು ಎಲ್ಲವನ್ನೂ ಹೇಳಿದಳು, ಕೊನೆಗೆ ದನಿ ಒಡೆಯಿತು.

"ಚೀನೀ ಬಲ್ಲ ಗೆಜೆಟೆಡ್ ಆಫೀಸರ?" ಅಂದ ವೀರೇಶ. "ನಮ್ಮ ಗುರುಬಸವ ಡಾಕ್ಟರು ಅದಾರಲ್ಲ."

"ಅವರಿಗೆ ಯಾವ್ದು ಮ್ಯಾಲ ಯಾವ್ದು ಕೆಳಗ ತಿಳಿಯಂಗಿಲ್ಲಪ್ಪಾ!"

"ಕಲಸು ಮತ್ತ. ಹೊಸಾ ಜಾಹೀರಾತಿಗೆ ಇನ್ನೂ ಟೈಮ್ ಐತಿ. ಅಕ್ಷರ ಅಕ್ಷರ ನೋಡೂ ಮನಿಷ್ಯಾ ಅವ್ರು, ಲಗೂನ ಕಲೀತಾರ." ಅಪ್ಪ ತಮಾಷೆ ಮಾಡುತ್ತಿದ್ದಾನೋ, ನಿಜಕ್ಕೂ ಹೇಳುತ್ತಿದ್ದಾನೋ ತಿಳಿಯಲಿಲ್ಲ. "ನಿನಗ ಕಲಸಾಕ ಬರ್ತೈತಲ್ಲವ್ವಾ?"

ಬೆಳಗಿನಿಂದ ಆ ಕೋಣೆಯಲ್ಲಿ ಯಾರೂ ಅವಳನ್ನು ಇದೊಂದು ಮಾತು ಕೇಳಿರಲಿಲ್ಲ.

"ಬರ್ತೈತಪ್ಪಾ," ಅಂದಳು, ಜಗಳಕ್ಕೆ ನಿಂತವಳ ಹಾಗೆ, ರೊಟ್ಟಿಯವಳಿಗೂ ಕೇಳುವಷ್ಟು ಗಟ್ಟಿಯಾಗಿ.

ಪಕ್ಕದಲ್ಲಿ ಮುಕ್ತಿಯಾರ್ ಜೇಬಿನಿಂದ ರಿಪೇರಿ ಚೀಟಿಯ ಪುಸ್ತಕ ತೆಗೆದು, ಹಿಂದಿನ ಖಾಲಿ ಹಾಳೆ ಬಿಡಿಸಿ, ಪೆನ್ನು ಅವಳ ಮುಂದೆ ಹಿಡಿದ.

"ಡಾಕ್ಟರಿಗಿಂತ ಮೊದಲ ನನ್ನ ಪಾಳಿ ಬಂದೈತ್ರಿ ಅಕ್ಕಾರ," ಅಂದ. "ಆ ಸಿಕ್ಕಾದಾಗಿಂದು ಮೊದಲ ಅಕ್ಷರ ಯಾವ್ದು, ಬರದು ತೋರಸ್ರಿ. ಮುಂದಿನ ಸಲ ಯಾರೂ ನನಗ ಟೋಪಿ ಹಾಕಬಾರದು."

ಮಸ್ಕಿಯ ಮೂರನೇ ಬಸ್ಸು ಬಂದು ನಿಂತಿತು. "ಸಾವಕಾಶ ಹಿಡೀರಿ ಪೆನ್ನು, ಅದೇನ್ ಸ್ಕ್ರೂ ಡ್ರೈವರ್ ಅಲ್ಲ," ಎಂದು ಸಂಘಮಿತ್ರಾ ಗದರಿದಳು. ಬಸ್ಸು ಹೋಯಿತು.