ಉರಿಕೋಣೆಯ ಗೋಡೆ

ಮೇಸ್ತ್ರಿ ಜೀವಮಾನವಿಡೀ ಬಚ್ಚಲುಮನೆ, ಅಡುಗೆಮನೆಗಳಿಗೆ ಟೈಲ್ಸ್ ಕೂರಿಸಿದವರು. ಅವರ ಮಗಳು ಚೂಟಿಯೂ ಟೈಲ್ಸ್ ಕೂರಿಸುವವಳೇ. ಆದರೆ ಅವಳ ಗೋಡೆಯೇ ಬೇರೆ. ಸೂರ್ಯನ ಒಡಲಲ್ಲಿ ಉರಿಯುವಂಥ ಬೆಂಕಿಯನ್ನು ನೆಲದ ಮೇಲೆ ಹೊತ್ತಿಸುವ ಸಮ್ಮಿಳನ ರಿಯಾಕ್ಟರಿನ ಒಳಗೋಡೆ ಅದು. ಆ ಉರಿಗೆ ಉಕ್ಕು ಕರಗದಿರಲೆಂದು ಗೋಡೆಯ ತುಂಬ ಟೈಲ್ಸಿನ ಹೊದಿಕೆ.

ಕೆಲಸಗಾರರ ಮನೆಯವರು ಬಂದು ನೋಡಲೆಂದು ಗೊತ್ತುಮಾಡಿದ ದಿನ ಮೇಸ್ತ್ರಿ ಇಸ್ತ್ರಿ ಅಂಗಿ ತೊಟ್ಟು ಎಲ್ಲರಿಗಿಂತ ಮೊದಲೇ ಹಾಜರಾದರು.

ರಿಪೇರಿಗೆಂದು ಬೆಂಕಿ ಆರಿಸಿದ್ದರೂ ಉರಿಕೋಣೆಯಲ್ಲಿ ವಿಕಿರಣ ಇನ್ನೂ ಉಳಿದಿದ್ದರಿಂದ ಯಾರೂ ಒಳಗೆ ಕಾಲಿಡುವಂತಿರಲಿಲ್ಲ. ಚೂಟಿ ದೂರದ ಕೋಣೆಯಲ್ಲಿ ಪರದೆಯ ಮುಂದೆ ಕೂತು ಎರಡು ಹಿಡಿಗಳನ್ನು ಆಡಿಸುತ್ತಿದ್ದಳು. ಒಳಗೆ ಯಂತ್ರದ ಉದ್ದನೆಯ ತೋಳು ಅವಳ ಕೈ ಹೋದತ್ತ ಹೋಗುತ್ತಿತ್ತು; ಅದಕ್ಕೆ ತಗುಲಿದ ಬಿಗಿ ಹಿಡಿಗಳ ಮೂಲಕ ಅವಳ ಕೈಗೂ ತಿಳಿಯುತ್ತಿತ್ತು. ಸವೆದ ಟೈಲೊಂದನ್ನು ಕಿತ್ತಾಗಿತ್ತು. ಹೊಸದಕ್ಕೆ ಬೋಲ್ಟ್ ತಿರುಗಿಸುತ್ತಿದ್ದವಳು ಥಟ್ಟನೆ ನಿಲ್ಲಿಸಿದಳು.

"ಬೋಲ್ಟ್ ಕಚ್ಕೊಂಡಿದೆ. ಕೈಗೆ ಗೊತ್ತಾಗ್ತಿದೆ."

"ಇನ್ನೊಂಚೂರು ಬಲ ಹಾಕಿ ನೋಡೋಣ್ವಾ?" ಎಂದ ಪಕ್ಕದಲ್ಲಿದ್ದ ಜೊತೆಗಾರ.

"ಬೇಡಪ್ಪ. ಮುರಿದ್ರೆ ತುಂಡು ಗೋಡೇಲೇ ಉಳ್ಕೊಳ್ಳುತ್ತೆ. ಆಮೇಲೆ ತೆಗೆಯೋರ್ಯಾರು?"

ಬೆನ್ನ ಹಿಂದೆ ನಿಂತಿದ್ದ ಮೇಸ್ತ್ರಿ ಉಸಿರು ಬಿಗಿಹಿಡಿದರು. ಚೂಟಿ ಬೋಲ್ಟನ್ನು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿದಳು, ತುಸು ಮುಂದಕ್ಕೆ, ಮತ್ತೆ ಹಿಂದಕ್ಕೆ. ಹಟ ಹಿಡಿದ ಕೂಸನ್ನು ರಮಿಸುವಂತೆ ರಮಿಸಿದಳು. ಹಣೆಯ ಬೆವರು ಹುಬ್ಬಿಗಿಳಿದರೂ ಒರೆಸಿಕೊಳ್ಳಲಿಲ್ಲ. ಕೊನೆಗೂ ಬೋಲ್ಟ್ ಸಡಿಲಗೊಂಡು ಹೊರಬಂತು. ಅದರ ಸುತ್ತುಗೆರೆಯಲ್ಲಿ ಲೋಹದ ಸಣ್ಣ ಚೂರೊಂದು ಸಿಕ್ಕಿಕೊಂಡಿತ್ತು. ಬೇರೆ ಬೋಲ್ಟ್ ಹಾಕಿದಳು. ಅದು ಬೆಣ್ಣೆಯಲ್ಲಿ ಇಳಿದಂತೆ ಇಳಿದು ಬಿಗಿಯಾಗಿ ಕೂತಿತು. ಟೈಲಿನ ಅಂಚು ಅಕ್ಕಪಕ್ಕದವುಗಳಿಗೆ ಸಮನಾಗಿದೆಯೇ ಎಂದು ಕ್ಯಾಮೆರಾ ತಿರುಗಿಸಿ ನೋಡಿದ ಮೇಲೆಯೇ ಹಿಡಿ ಬಿಟ್ಟದ್ದು.

"ಅಂಚು ಎದ್ದಿದ್ರೆ ಏನಾಗುತ್ತಮ್ಮಾ?" ಮೇಸ್ತ್ರಿ ಕೇಳಿದರು.

"ಉರಿ ಮೊದಲು ಅದನ್ನೇ ತಿನ್ನುತ್ತಪ್ಪ."

"ನಮ್ಮ ಕಡೆ ಎದ್ದ ಅಂಚೇ ಕಾಲಿನ ಹೆಬ್ಬೆರಳು ತಿನ್ನುತ್ತೆ!"

ಕೋಣೆಯೆಲ್ಲ ಗೊಳ್ಳೆಂದಿತು. ಚೂಟಿ ನಕ್ಕು ಬೆರಳು ನೆಟಿಗೆ ಮುರಿದಳು. ಹಿಡಿ ಹಿಡಿದು ಹಿಡಿದು ಆ ಬೆರಳುಗಳು ಸೆಟೆದುಕೊಂಡಿದ್ದದ್ದು ಮೇಸ್ತ್ರಿಗೆ ಆಗ ಕಂಡಿತು. ಮಗಳ ಕೈಗಳನ್ನು ತಮ್ಮ ಒರಟು ಅಂಗೈಯೊಳಗೆ ತೆಗೆದುಕೊಂಡು, ಬೆರಳು ಸಡಿಲವಾಗುವ ತನಕ ತಿಕ್ಕಿದರು.

"ಬಿಡಪ್ಪ, ಎಲ್ಲಾ ನೋಡ್ತಿದಾರೆ."

"ನೋಡ್ಲಿ, ನೋಡ್ಲೀಂತಾನೇ ಬಂದಿರೋದು."

ವಾಪಸು ಹೋಗುವಾಗ ಗೇಟಿನ ಕಾವಲುಗಾರನ ಮುಂದೆ ನಿಂತು ಎದೆಯುಬ್ಬಿಸಿ ಹೇಳಿದರು: "ಒಳಗೆ ಟೈಲ್ಸ್ ಕೂರಿಸ್ತಾಳಲ್ಲ, ಅವಳು ನನ್ನ ಮಗಳು."

"ಗೊತ್ತು ಯಜಮಾನ್ರೇ, ಬರೋವಾಗ್ಲೂ ಹೇಳಿದ್ರಿ."

"ಆಗ ಬರೀ ಕೇಳಿ ಹೇಳಿದ್ದು ಕಣಪ್ಪ. ಈಗ ಕಣ್ಣಾರೆ ನೋಡ್ಕೊಂಡು ಬಂದಿದೀನಿ," ಎಂದು ಮೇಸ್ತ್ರಿ ಅಲ್ಲಿದ್ದ ಕುರ್ಚಿ ಎಳೆದುಕೊಂಡು ಕೂತು, ಮೊದಲಿನಿಂದ ಶುರುಮಾಡಿದರು.