ಗಾಜಿನೊಳಗಿನ ಬೆರಳುಗಳು

ಮುಸ್ಸಂಜೆಯಾಯಿತೆಂದರೆ ಟೈಲರಕ್ಕನ ಮೈ ಜುಮ್ಮೆನ್ನುತ್ತಿತ್ತು. ಹೊರಗೆ ಬೀದಿದೀಪ ಹತ್ತುವುದಕ್ಕೂ, ಅಡುಗೆಮನೆಯಲ್ಲಿ ಫ್ರಿಜ್ಜಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತ ಅಮ್ಮ ಬಾಯಿ ಬಿಡುವುದಕ್ಕೂ ಸರಿಹೋಗುತ್ತಿತ್ತು.

"ಗಾಜು ಒರೆಸಿದ್ಯೇನೋ, ಗುಬ್ಬಿ?"

ಗುಬ್ಬಿ ಟೈಲರಕ್ಕನ ತಮ್ಮ. ಅವನು ಸತ್ತು ನಲವತ್ತು ವರ್ಷದ ಮೇಲಾಗಿತ್ತು.

ಅರಳುಮರಳು ಅಂತ ಕೈಬಿಡೋಣವೆಂದರೆ ಅಮ್ಮನ ತಲೆ ಬಲು ಚುರುಕು. ಹಾಲಿನವನು ಒಂದು ತೊಟ್ಟು ನೀರು ಬೆರೆಸಿದರೂ ಅವನ ಜನ್ಮ ಜಾಲಾಡಿ ಕಳಿಸುವ ಹೆಂಗಸು. ಈ ಒಂದು ಮಾತು ಮಾತ್ರ, ಈ ಒಂದು ಹೊತ್ತಿಗೆ. ಕೇಳಿ, ಉತ್ತರ ಬರುವುದಿದೆ ಎನ್ನುವ ಹಾಗೆ ಕಿವಿಗೊಟ್ಟು ಕೂರುತ್ತಿದ್ದಳು. ಫ್ರಿಜ್ಜು ಗುಂಯ್ ಎನ್ನುತ್ತಿತ್ತು. ಟೈಲರಕ್ಕ ಹೊಲಿಯುತ್ತಿದ್ದುದನ್ನು ಬಿಟ್ಟೆದ್ದು ಮನೆಯ ಲೈಟುಗಳನ್ನೆಲ್ಲ ಪಟಪಟ ಹಾಕಿಬಿಡುತ್ತಿದ್ದಳು, ಬಚ್ಚಲಿನದೂ ಸೇರಿ.

ಈಗಿನವರಿಗೆ ಹೇಳಿದರೆ ನಗುತ್ತಾರೆ, ನಗಲಿ. ಗುಬ್ಬಿ ಇದ್ದ ಕಾಲದಲ್ಲಿ ಬೆಳಕಿಗೂ ಮೈಬಗ್ಗಿಸಿ ದುಡಿಯಬೇಕಿತ್ತು. ಸಂಜೆಯಾಗುತ್ತಲೇ ಅಪ್ಪ ಕತ್ತರಿಯಲ್ಲಿ ಬತ್ತಿಯ ಕರಕು ತೆಗೆಯಬೇಕು, ಅಮ್ಮ ಸೀಮೆಎಣ್ಣೆ ಸುರಿಯಬೇಕು, ಟೈಲರಕ್ಕ ಒಲೆಯಿಂದ ಬೂದಿ ತರಬೇಕು. ಉಳಿದದ್ದು ದೀಪದ ಗಾಜು. ರಾತ್ರಿಯ ಮಸಿಯೆಲ್ಲ ಅದರ ಒಳಗೋಡೆಗೆ ಹಿಡಿದಿರುತ್ತಿತ್ತು, ಅದರ ಬಾಯೋ ಇಷ್ಟೇ ಇಷ್ಟು. ದೊಡ್ಡವರ ಕೈ ಅದರೊಳಗೆ ಹೋಗುತ್ತಿರಲಿಲ್ಲ. ಅವಳ ಕೈಯೂ ಬೆಳೆದು, ಒಂದು ವರ್ಷ ಗೆಣ್ಣಿನ ಹತ್ತಿರ ಸಿಕ್ಕಿಕೊಂಡಿತು. ಅಲ್ಲಿಂದ ಆ ಕೆಲಸ ಗುಬ್ಬಿಗೆ ಬಂತು.

ಬಂದದ್ದೇ ತಡ, ಅವನ ಜಂಬ ಹಿಡಿಯುವವರಿಲ್ಲ. ಬೂದಿಯಲ್ಲಿ ಅದ್ದಿದ ಬೆರಳುಗಳನ್ನು ಒಳಗೆ ಬಿಟ್ಟು ಮಸಿ ಕೆರೆದು, ಆಮೇಲೆ ಬಟ್ಟೆ ತುರುಕಿ ತಿರುವಿ, ಗಾಜನ್ನು ಕಣ್ಣಿಗೆ ಹಿಡಿದು ಅಕ್ಕನ ಕಡೆ ನೋಡಿ, "ನಾನಿಲ್ದಿದ್ರೆ ಈ ಮನೇಲಿ ಕತ್ಲೆ, ಗೊತ್ತಾ?" ಎನ್ನುತ್ತಿದ್ದ. ಅಕ್ಕ ತಲೆಗೊಂದು ಮೊಟಕುತ್ತಿದ್ದಳು.

ಒಂದು ಸಂಜೆ ಗಾಜು ಉಜ್ಜುತ್ತಾ ಕೂತವನು ಅರ್ಧಕ್ಕೇ ಕೆಳಗಿಟ್ಟು, "ಅಮ್ಮಾ, ಚಳಿ" ಎಂದ. ಜ್ವರ ಬಿಡಲೇ ಇಲ್ಲ. ವಾರ ತುಂಬುವುದರೊಳಗೆ ಅವನಿಲ್ಲ.

ಕಡ್ಡಿಗೆ ಬಟ್ಟೆ ಸುತ್ತಿ ಆ ಗಾಜನ್ನು ಒರೆಸಬಹುದಿತ್ತು. ಅಪ್ಪನಿಗೆ ಮನಸ್ಸು ಬರಲಿಲ್ಲ. ದೀಪವನ್ನು ಕಣ್ಮರೆ ಮಾಡಿ, ಯಾರ್ಯಾರದೋ ಕೈಕಾಲು ಹಿಡಿದು ಮನೆಗೆ ಕರೆಂಟು ಹಾಕಿಸಿದ. ಅದರ ಬೆನ್ನಿಗೆ ಇಸ್ತ್ರಿಪೆಟ್ಟಿಗೆ ಬಂತು, ಮಿಕ್ಸಿ ಬಂತು, ಅಪ್ಪ ಹೋದ ಮೇಲೆ ಫ್ರಿಜ್ಜು, ಬಟ್ಟೆ ಒಗೆಯುವ ಮೆಷಿನ್ನು. ಟೈಲರಕ್ಕನ ಹೊಲಿಗೆ ಯಂತ್ರಕ್ಕೂ ಮೋಟಾರು ಕೂತಿತು. ಗುಬ್ಬಿ ಇದ್ದ ಕಾಲದ್ದು ಅಂತ ಮನೆಯಲ್ಲಿ ಒಂದು ಚಮಚವೂ ಉಳಿಯಲಿಲ್ಲ. ಇದ್ದ ಒಂದೇ ಒಂದು ಫೋಟೋದಲ್ಲೂ ಅವನು ಕೂತಲ್ಲಿ ಕೂರದೆ ತಲೆ ಆಡಿಸಿಬಿಟ್ಟಿದ್ದ. ಮುಖ ಇರಬೇಕಾದಲ್ಲಿ ಹೊಗೆಯಂಥ ಕಲೆ.

ಈ ವರ್ಷ ಅಮ್ಮನ ಕಣ್ಣು ಕೈಕೊಟ್ಟವು. ಹತ್ತಿರದ್ದೇನೂ ಕಾಣದು, ಗೋಡೆಯ ಮೇಲೆ ದೊಡ್ಡದಾಗಿ ಬಿದ್ದ ನೆರಳು ಬೆಳಕು ಮಾತ್ರ ಗೊತ್ತಾಗುತ್ತದೆ, ಅದೂ ಇನ್ನು ಹೆಚ್ಚು ದಿನವಿಲ್ಲ ಎಂದರು ಡಾಕ್ಟರು. ಬಸ್ಸಿನಲ್ಲಿ ವಾಪಸು ಬರುವಾಗ ಅಮ್ಮ ಕಿಟಕಿಯ ಕಡೆ ತಿರುಗಿಕೊಂಡೇ ಹೇಳಿದಳು.

"ಕಣ್ಣು ಹೋದ್ರೆ ಹೋಗ್ಲಿ ಬಿಡೆ. ಅವನ್ ಮುಖಾನೇ ನೆನಪಿಗೆ ಬರ್ತಿಲ್ಲ. ಪೂರ್ತಿ ಕತ್ಲೆಯಾದ್ಮೇಲೆ ನಾನು ಯಾರನ್ನ ನೋಡ್ಕೊಂಡು ಕೂತ್ಕೊಳ್ಲಿ?"

ಗುಬ್ಬಿಯದೇನಾದರೂ ಉಳಿದಿದೆಯೇ ಎಂದು ಟೈಲರಕ್ಕ ಮಾರನೇ ದಿನವೇ ಏಣಿ ಹಾಕಿ ಅಟ್ಟ ಹತ್ತಿ ಎಲ್ಲ ಕೆದಕಿದಳು. ಮಿಕ್ಸಿಯ ಖಾಲಿ ಡಬ್ಬದ ಹಿಂದೆ, ಗುಬ್ಬಿಯ ಗೀರುಗೀರಿನ ಅಂಗಿಯಲ್ಲಿ ಸುತ್ತಿದ್ದ ದೀಪ ಸಿಕ್ಕಿತು. ಗಾಜನ್ನು ಬೆಳಕಿಗೆ ಹಿಡಿದಳು. ಒಳಗೆಲ್ಲ ಮಸಿ. ಆ ಮಸಿಯಲ್ಲಿ, ಬಾಯಿಂದ ನಡುವಿನವರೆಗೆ ಇಳಿದು ಅಲ್ಲಿಗೇ ನಿಂತ ನಾಲ್ಕು ಪುಟ್ಟ ಬೆರಳುಗಳ ಗೆರೆ.

ಕೆಳಗೆ ತಂದು ಅಮ್ಮನ ಕಣ್ಣ ಮುಂದೆ ಹಿಡಿದಳು. ಅಮ್ಮನಿಗೆ ಏನೂ ಕಾಣಲಿಲ್ಲ. ಗೆರೆ ಗೋಡೆಗೆ ಬೀಳಲೆಂದು ಟೈಲರಕ್ಕ ಮೊಬೈಲಿನ ಟಾರ್ಚನ್ನು ಗಾಜಿನ ಕೆಳಗಿಟ್ಟು ನೋಡಿದಳು, ಬೆಳಕು ನೆಟ್ಟಗೆ ಸೂರಿಗೆ ಹೋಯಿತು.

"ಹಚ್ಚು," ಎಂದಳು ಅಮ್ಮ.

"ಬತ್ತಿ ಹಳೇದಮ್ಮ. ಹೊಗೆ ಬಂದ್ರೆ ಗೆರೆಯೆಲ್ಲ ಮುಚ್ಚೋಗುತ್ತೆ. ಗಾಜು ಸಿಡಿದ್ರಂತೂ ಮುಗೀತು. ಅವನ ಕೈಗುರುತು ಅಂತ ಇರೋದು ಇದೊಂದೇ."

"ಇಟ್ಕೊಂಡು ಏನ್ ಉಪ್ಪಿನಕಾಯಿ ಹಾಕ್ತೀಯ? ನನ್ ಕಣ್ಣಿರೋವಾಗ್ಲೇ ಹಚ್ಚೆ."

ಟೈಲರಕ್ಕನಿಗೆ ಅಳು ಬಂತು, ಸಿಟ್ಟೂ ಬಂತು. ಅಮ್ಮನಿಗೆ ಅವನು ಮಗನಾದರೆ ತನಗೆ ಯಾರೂ ಅಲ್ಲವೇ? ಬೈದುಕೊಳ್ಳುತ್ತಲೇ ಹೊಲಿಗೆ ಯಂತ್ರ ತೊಳೆಯಲು ಇಟ್ಟಿದ್ದ ಸೀಮೆಎಣ್ಣೆ ಬಾಟಲಿ ತಂದು ಸುರಿದಳು. ಅಷ್ಟು ವರ್ಷಗಳಲ್ಲಿ ಮೊದಲ ಸಲ, ಮುಸ್ಸಂಜೆಯಲ್ಲಿ ಮನೆಯ ಲೈಟುಗಳನ್ನೆಲ್ಲ ಆರಿಸಿ ಬೆಂಕಿಕಡ್ಡಿ ಗೀರಿದಳು. ಗಾಜನ್ನು ಮೆಲ್ಲಗೆ ಕೂರಿಸಿದಳು.

ಮಸಿ ಹಿಡಿದ ಗಾಜು ಬೆಳಕನ್ನೆಲ್ಲ ನುಂಗಿಕೊಂಡಿತು. ಬೆರಳು ಹರಿದ ಕಡೆ ಮಾತ್ರ ಬಿಟ್ಟಿತು. ಎದುರಿನ ಗೋಡೆಯ ಮೇಲೆ ನಾಲ್ಕು ಬೆರಳುಗಳು ಎದ್ದು ನಿಂತವು. ಬತ್ತಿ ಅಲುಗಿದಾಗ ಅವೂ ಅಲುಗಿದವು. ಮೇಲಕ್ಕೆ, ಕೆಳಕ್ಕೆ, ಒರೆಸುವ ಹಾಗೇ.

ಅಮ್ಮ ಕುರ್ಚಿ ಹಿಡಿದು ಎದ್ದಳು. ಗೋಡೆಯ ಹತ್ತಿರ ಹೋಗಿ, ಪಕ್ಕಕ್ಕೆ ನಿಂತು, ಆ ಬೆರಳುಗಳ ಮೇಲೆ ತನ್ನ ಬೆರಳುಗಳನ್ನಿಟ್ಟಳು. ಗೋಡೆಯ ಮೇಲಿನವು ಅಮ್ಮನವಕ್ಕಿಂತ ಉದ್ದವಾಗಿದ್ದವು, ದಪ್ಪವಾಗಿದ್ದವು.

"ಎಷ್ಟ್ ದೊಡ್ಡವನಾಗ್ಬಿಟ್ಟಿದಾನೆ ನೋಡೆ," ಎಂದಳು. "ನಿಮ್ಮಪ್ಪಂದೇ ಕೈ."

ಬತ್ತಿ ಹೊಗೆಯಾಡತೊಡಗಿತು. ಒಂದು ಬೆರಳು ಮಸುಕಾಯಿತು, ಅದರ ಪಕ್ಕದ್ದೂ ಹೋಯಿತು. ಟೈಲರಕ್ಕ ದೀಪ ಊದಲು ಬಗ್ಗಿದಳು.

"ಬೇಡ. ಹೊರಟಿದಾನೆ, ತಡೀಬೇಡ."

ಕಿರುಬೆರಳು ಕೊನೆಯವರೆಗೆ ಗೋಡೆಯ ಮೇಲಿತ್ತು. ಅದೂ ಹೋದ ಮೇಲೆ ಅಮ್ಮ ತಡವುತ್ತಾ ಬಂದು ಕುರ್ಚಿಯಲ್ಲಿ ಕೂತಳು. ಆ ರಾತ್ರಿ ಹೊಟ್ಟೆ ತುಂಬ ಉಂಡು ಮಲಗಿದಳು.

ಮರುದಿನ ಬೀದಿದೀಪ ಹತ್ತಿತು. ಟೈಲರಕ್ಕ ಯಂತ್ರ ನಿಲ್ಲಿಸಿ ಕಾದಳು. ಅಮ್ಮ ಫ್ರಿಜ್ಜಿನ ಪಕ್ಕ ಸುಮ್ಮನೆ ಕೂತಿದ್ದಳು. ಹೊರಗೆ ಕತ್ತಲಾಯಿತು, ಅಮ್ಮ ಕೇಳಲಿಲ್ಲ. ಅಷ್ಟು ವರ್ಷ ಯಾವ ಮಾತಿಗೆ ಹೆದರಿದ್ದಳೋ ಆ ಮಾತಿಲ್ಲದೆ ಮನೆ ಹಾಳುಸುರಿಯುತ್ತಿತ್ತು. ಟೈಲರಕ್ಕನಿಗೆ ತಡೆಯಲಾಗಲಿಲ್ಲ.

"ಗಾಜು ಒರೆಸಿದ್ಯೇನೋ, ಗುಬ್ಬಿ?"

ಅಮ್ಮ ದನಿ ಬಂದತ್ತ ಮುಖ ತಿರುಗಿಸಿದಳು.

"ಯಾರನ್ನ ಕೇಳ್ತೀಯೆ? ದೊಡ್ಡವನಾದ, ಹೋದ. ಲೈಟ್ ಹಾಕು."

ಟೈಲರಕ್ಕ ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡು, ಕಿವಿಗೊಟ್ಟು, ಹಾಗೇ ನಿಂತಿದ್ದಳು.